‘ಭೂಮಿ’ ಚಿತ್ರದ ರುಶ್ಚಿಟ್ಸ್ ಯಾವ ದೇಶದವರು?

ಪ್ರಶ್ನೆ (ಚಿತ್ರಕಲಾ ಶಿಕ್ಷಕ, ವಿಜಯಪುರ):
ಫರ್ದಿನಾಂದ್ ರುಶ್ಚಿಟ್ಸ್ ಅವರು 1898ರಲ್ಲಿ ಬರೆದ ‘ಭೂಮಿ’ ಚಿತ್ರವನ್ನು ನಿನ್ನೆ ಒಂಬತ್ತನೆಯ ತರಗತಿಗೆ ತೋರಿಸಿದೆ. ದಿಬ್ಬದಂತೆ ಉಬ್ಬಿದ ಕರಿನೆಲ, ಅದರ ನೆತ್ತಿಯಲ್ಲಿ ಜೋಡೆತ್ತು ಹೂಡಿ ಉಳುತ್ತಿರುವ ಒಬ್ಬ ರೈತ, ಉಳಿದ ಜಾಗವನ್ನೆಲ್ಲ ತುಂಬಿ ನಿಂತ ಮೋಡ. ಡೋಣಿ ದಂಡೆಯ ಹಳ್ಳಿಯಿಂದ ಬರುವ ಹುಡುಗನೊಬ್ಬ ಇದು ನಮ್ಮ ಎರೆಹೊಲವೇ ಎಂದು ಪಟ್ಟು ಹಿಡಿದ. ಅಲ್ಲವೆಂದಾಗ, ಹಾಗಾದರೆ ಯಾವ ದೇಶದ್ದು ಎಂದು ಕೇಳಿದ. ಕಲಾವಿದರನ್ನು ಕೆಲವರು ಪೋಲೆಂಡಿನವರೆಂದರೆ ಇನ್ನು ಕೆಲವರು ಬೆಲಾರೂಸಿನವರೆನ್ನುತ್ತಾರೆ. ಅವರ ಮನೆತನದ ಹಿನ್ನೆಲೆ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ನಿವೃತ್ತ ಇತಿಹಾಸ ಅಧ್ಯಾಪಕ, ಬೆಳಗಾವಿ):
ಸರ್, ಅವರು 1870ರ ಡಿಸೆಂಬರಿನಲ್ಲಿ ಬೋಹ್ದಾನುಫ್ ಎಂಬ ಹಳ್ಳಿಯ ಜಮೀನ್ದಾರಿ ಮನೆಯಲ್ಲಿ ಹುಟ್ಟಿದರು. ತಂದೆ ಪೋಲಿಷ್, ತಾಯಿ ಡೆನ್ಮಾರ್ಕಿನ ಮೂಲದವರು. ಆಗ ಪೋಲೆಂಡ್ ಎಂಬ ರಾಜ್ಯವೇ ಭೂಪಟದಲ್ಲಿ ಇರಲಿಲ್ಲ, ಆ ಹಳ್ಳಿ ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. 1936ರಲ್ಲಿ ಅವರು ಅದೇ ಊರಿನಲ್ಲಿ ತೀರಿಕೊಂಡಾಗ ಅದು ಪೋಲೆಂಡಿನಲ್ಲಿತ್ತು, ಈಗ ಬೆಲಾರೂಸಿನಲ್ಲಿದೆ. ನಮ್ಮ ಅಜ್ಜ ಇದ್ದ ಮನೆ ಬಿಟ್ಟು ಕದಲದೆಯೇ ಮುಂಬಯಿ ಪ್ರಾಂತ್ಯದವರಾಗಿದ್ದು 1956ರಲ್ಲಿ ಮೈಸೂರು ರಾಜ್ಯದವರಾದರು, ಆದರೆ ಮನೆಯಲ್ಲಿ ಮಾತು ಬದಲಾಗಲಿಲ್ಲ. ಆದ್ದರಿಂದ ಪೋಲಿಷ್ ಕಲಾವಿದ, ಹುಟ್ಟೂರು ಇಂದಿನ ಬೆಲಾರೂಸ್ ಎಂದು ಬರೆಯಿಸಿರಿ.

ಉತ್ತರ 2 (ಬಾಗಲಕೋಟೆ):
ಮೇಲಿನ ಮಾತು ಸರಿ, ಆದರೆ ರಷ್ಯಾದ ಪಾಲನ್ನು ಮರೆಯಬಾರದು. ಸೇಂಟ್ ಪೀಟರ್ಸ್‌ಬರ್ಗಿಗೆ ಕಾನೂನು ಓದಲೆಂದು ಹೋದವರು ಅದನ್ನು ಬಿಟ್ಟು ಅಲ್ಲಿನ ಕಲಾ ಅಕಾಡೆಮಿ ಸೇರಿ, ಶಿಶ್ಕಿನ್ ಮತ್ತು ಕುಯಿಂಜಿ ಅವರಲ್ಲಿ ನಿಸರ್ಗಚಿತ್ರ ಕಲಿತರು. ಆ ಮೋಡದ ನಾಟಕೀಯತೆ ಕುಯಿಂಜಿಯವರ ಬಳುವಳಿ ಎಂದು ನನ್ನ ಅನಿಸಿಕೆ. ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ: ನಾಲ್ವತ್ತು ತುಂಬುವ ಮೊದಲೇ ಅವರು ತೈಲಚಿತ್ರ ಬರೆಯುವುದನ್ನು ಬಹುಮಟ್ಟಿಗೆ ನಿಲ್ಲಿಸಿ, ಪುಸ್ತಕ ವಿನ್ಯಾಸ, ರಂಗಸಜ್ಜಿಕೆ, ಬೋಧನೆಗಳಿಗೆ ತಮ್ಮನ್ನು ಒಪ್ಪಿಸಿಕೊಂಡರು; 1919ರಲ್ಲಿ ವಿಲ್ನಿಯಸ್ಸಿನ ವಿಶ್ವವಿದ್ಯಾಲಯದಲ್ಲಿ ಲಲಿತಕಲಾ ವಿಭಾಗವನ್ನು ಕಟ್ಟಿದರು. ಅಂದಹಾಗೆ, ‘ಭೂಮಿ’ ಈಗ ವಾರ್ಸಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅಜ್ಜನ ಹೆಸರನ್ನೇ ಹೊತ್ತ ಅವರ ಮೊಮ್ಮಗ ಮುಂದೆ ಅದೇ ಸಂಗ್ರಹಾಲಯದ ನಿರ್ದೇಶಕರಾದರು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಆ ಹುಡುಗ ಇಂದು ಚಿತ್ರದ ನಕಲು ಬರೆದು ತಂದಿದ್ದಾನೆ. ಎತ್ತುಗಳ ನೊಗ, ಮಿಣಿ ಎಲ್ಲವೂ ಸರಿಯಾಗಿವೆ, ಮೋಡ ಮಾತ್ರ ಇಲ್ಲ. ಕೇಳಿದರೆ, “ಮಳಿ ಆದ್ರ ಎರಿ ಕಾಲಿಗೆ ಮೆತ್ಕೋತೈತ್ರಿ ಸರ, ಇಷ್ಟು ಮಾಡ ಕಟ್ಟಿದಾಗ ಯಾರೂ ಹೊಲಕ್ಕ ಎತ್ತು ಹೊಡಿಯಂಗಿಲ್ಲ” ಎಂದ.