9 ಲಕ್ಷ ರೂಪಾಯಿಯನ್ನು ಹೆಣ್ಣುಮಕ್ಕಳಿಗಾಗಿ ಹೇಗೆ ಖರ್ಚು ಮಾಡಬೇಕು?

ಪ್ರಶ್ನೆ: ಕಚೇರಿ ವ್ಯವಸ್ಥಾಪಕಿ, ಹಾಸನ

ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್ (ಬೀಜ ಸಂಸ್ಕರಿಸುವ) ಕಂಪನಿಯಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಾಫಿಗೆ ಒಳ್ಳೆಯ ಬೆಲೆ ಸಿಕ್ಕಿದ್ದರಿಂದ ಕಳೆದ ವರ್ಷ ನಮ್ಮ ನಿವ್ವಳ ಲಾಭ ಮೊದಲ ಬಾರಿಗೆ 5 ಕೋಟಿ ರೂಪಾಯಿ ದಾಟಿತು. ಹಾಗಾಗಿ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆನ್ನುವ ಸಿಎಸ್‌ಆರ್ ನಿಯಮ ನಮಗೂ ಅನ್ವಯವಾಗಿದೆ. ಮೂರು ವರ್ಷಗಳ ಸರಾಸರಿ ಲಾಭ ನಾಲ್ಕೂವರೆ ಕೋಟಿಯಷ್ಟಿರುವುದರಿಂದ ಅದರ ಶೇ 2, ಅಂದರೆ 9 ಲಕ್ಷ ರೂಪಾಯಿಯನ್ನು ಈ ವರ್ಷ ಖರ್ಚು ಮಾಡಬೇಕು. ಅದು ಹೆಣ್ಣುಮಕ್ಕಳಿಗೇ ಸಲ್ಲಬೇಕೆಂದು ನಮ್ಮ ಯಜಮಾನರು ಮನಸ್ಸು ಮಾಡಿದ್ದಾರೆ. ಮಾರ್ಚ್ 8ರಂದು ಸಮಾರಂಭ ಮಾಡಿ ಹೊಲಿಗೆ ಯಂತ್ರ ಹಂಚುವುದು ಈಗಿರುವ ಯೋಚನೆ. ಯಾಕೋ ನನಗೆ ಸಮಾಧಾನವಿಲ್ಲ.

ನಮ್ಮಲ್ಲೇ ಅರವತ್ತಕ್ಕೂ ಹೆಚ್ಚು ಹೆಂಗಸರು ಬೀಜ ಆರಿಸುವ ಕೆಲಸದಲ್ಲಿದ್ದಾರೆ. ಮೊನ್ನೆ ಗೋದಾಮಿಗೆ ಹೋದಾಗ, ಗೋಣಿಚೀಲಗಳ ಪಕ್ಕದಲ್ಲಿ ಹಾಸಿದ ಹಳೆಯ ಸೀರೆಯ ಮೇಲೆ ಎರಡು ವರ್ಷದ ಮಗುವೊಂದು ಮಲಗಿತ್ತು. ಕೂದಲು, ರೆಪ್ಪೆಯ ಮೇಲೆಲ್ಲ ಕಾಫಿ ಸಿಪ್ಪೆಯ ಧೂಳು ಕೂತಿತ್ತು. ಅದರ ತಾಯಿ ತಲೆಯೆತ್ತದೆ ಕರಿಬೀಜ ಹೆಕ್ಕುತ್ತಿದ್ದಳು. ಈ ಹಣದಲ್ಲಿ ಅಂಥ ಮಕ್ಕಳಿಗೆ ಒಂದು ಕೋಣೆ ಮಾಡಿಸಬಹುದೇ? ಉಳಿದದ್ದನ್ನು ಎಲ್ಲಿ ತೊಡಗಿಸಿದರೆ ನಿಜವಾಗಿ ಉಪಯೋಗವಾದೀತು? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಲೆಕ್ಕಪರಿಶೋಧಕ, ಚಿಕ್ಕಮಗಳೂರು

ಕೋಣೆಯನ್ನು ಖಂಡಿತ ಮಾಡಿಸಿ, ಆದರೆ ಈ ಹಣದಲ್ಲಿ ಅಲ್ಲ. ತನ್ನ ನೌಕರರಿಗಷ್ಟೇ ಅನುಕೂಲವಾಗುವ ಕೆಲಸವನ್ನು ಕಂಪನಿಯು ಸಿಎಸ್‌ಆರ್ ಲೆಕ್ಕಕ್ಕೆ ಹಾಕುವಂತಿಲ್ಲ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ನಡೆಸಬೇಕೆಂಬುದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಬಂದ ಹೊಣೆ. ಹಾಗೆಯೇ ಹತ್ತು ಜನರಿರುವ ಕಡೆಯೂ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು. 2013ರ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ನನ್ನ ಅಭಿಪ್ರಾಯದಲ್ಲಿ ಮಹಿಳೆಯರಿಗೆ ನೆರವಾಗಬೇಕೆನ್ನುವ ಯಾವುದೇ ಕಂಪನಿ ಮೊದಲು ಈ ಎರಡನ್ನು ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಂಡು, ಆಮೇಲೆ ಹೊರಗಿನವರಿಗೆ ಕೊಡಲು ಹೊರಡಬೇಕು.

9 ಲಕ್ಷದ ವಿಷಯಕ್ಕೆ ಬಂದರೆ, ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಶಿಕ್ಷಣವೂ ಇದೆ, ಮಹಿಳಾ ಸಬಲೀಕರಣ ಮತ್ತು ಮಹಿಳಾ ವಸತಿನಿಲಯಗಳೂ ಇವೆ. ಮೊತ್ತ 50 ಲಕ್ಷ ಮೀರದ ಕಾರಣ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಬೇಕಾಗಿಲ್ಲ, ನಿರ್ದೇಶಕ ಮಂಡಳಿಯೇ ತೀರ್ಮಾನಿಸಬಹುದು. ಎಲ್ಲವನ್ನೂ ಮಾರ್ಚ್ ಒಳಗೆ ಮುಗಿಸಲೇಬೇಕೆಂಬ ಗಾಬರಿಯೂ ಬೇಡ. ಹಲವು ವರ್ಷ ನಡೆಯುವ ಯೋಜನೆಯೆಂದು ಮಂಡಳಿ ಒಪ್ಪಿದ್ದರೆ, ಉಳಿದ ಹಣವನ್ನು ಆರ್ಥಿಕ ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ವರ್ಷಗಳಲ್ಲಿ ಅದೇ ಕೆಲಸಕ್ಕೆ ಬಳಸಬಹುದು. ಹೆಚ್ಚಿನ ಕಂಪನಿಗಳು ಈ ಅವಕಾಶವನ್ನು ಮರೆತು ಫೆಬ್ರವರಿಯಲ್ಲಿ ಹಂಚುವ ವಸ್ತು ಹುಡುಕಲು ಹೊರಡುವುದನ್ನು ಕಂಡು ನನಗೆ ಬೇಸರವಾಗುತ್ತದೆ.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯಿನಿ, ಸಕಲೇಶಪುರ

ಹೆತ್ತೂರು, ಯಸಳೂರು ಕಡೆಯ ತೋಟಗಳ ಲೈನ್ ಮನೆಗಳಿಂದ (ಕಾರ್ಮಿಕರ ಸಾಲುಮನೆಗಳಿಂದ) ಬರುವ ಹುಡುಗಿಯರಿಗೆ ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ 85 ತೆಗೆದವಳು ಪಿಯುಸಿಗೆ ಸೇರಿ, ದೀಪಾವಳಿಯ ಹೊತ್ತಿಗೆ ಕಾಫಿ ಹಣ್ಣು ಕೊಯ್ಯುವವರ ಸಾಲಿನಲ್ಲಿ ನಿಂತಿರುವುದನ್ನು ಒಮ್ಮೆಯಲ್ಲ, ಹತ್ತಾರು ಬಾರಿ ನೋಡಿದ್ದೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ತಪ್ಪಿದೆ. ಆದರೆ ಬಸ್ಸು ನಿಲ್ಲುವುದು ಡಾಂಬರು ರಸ್ತೆಯಲ್ಲಿ. ಅಲ್ಲಿಂದ ತೋಟದೊಳಗೆ ನಾಲ್ಕು ಕಿಲೋಮೀಟರ್ ನಡಿಗೆ, ಮಳೆಗಾಲದಲ್ಲಿ ಇಂಬಳ, ಈಗೀಗ ಆನೆ. ಪ್ರಾಕ್ಟಿಕಲ್ ಮುಗಿಸಿ ಸಂಜೆಯ ಬಸ್ಸು ತಪ್ಪಿಸಿಕೊಂಡ ಮಗಳನ್ನು ಯಾವ ತಾಯಿ ತಾನೇ ಮರುದಿನ ಧೈರ್ಯವಾಗಿ ಕಳಿಸಿಯಾಳು? ಆದ್ದರಿಂದ ಒಂದು ಜೀಪಿನ ಬಾಡಿಗೆಯನ್ನೋ, ತಾಲ್ಲೂಕು ಕೇಂದ್ರದಲ್ಲಿ ವಸತಿನಿಲಯದ ಖರ್ಚನ್ನೋ ಎರಡು ವರ್ಷ ಪೂರ್ತಿ ಕೊಡುತ್ತೇವೆಂದು ಮೊದಲೇ ಮಾತು ಕೊಡಿ. ಮಧ್ಯದಲ್ಲಿ ನಿಲ್ಲುವ ನೆರವು ಹುಡುಗಿಯನ್ನು ಮನೆಯವರ ಮುಂದೆ ಇನ್ನಷ್ಟು ಸೋಲಿಸುತ್ತದೆ.

ಇನ್ನೊಂದು ಮಾತು. ದೊಡ್ಡ ಪ್ರತಿಷ್ಠಾನಗಳ ಹಣ ಈಗಾಗಲೇ ಇದೆ. ಸರ್ಕಾರಿ ಶಾಲೆ, ಕಾಲೇಜಿನಲ್ಲಿ 10 ಮತ್ತು 12ನೇ ತರಗತಿ ಓದಿ ಪದವಿಗೋ ಡಿಪ್ಲೊಮಾಗೋ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ವರ್ಷಕ್ಕೆ 30,000 ರೂಪಾಯಿ ನೀಡುತ್ತದೆ. ವಿಜ್ಞಾನ, ಎಂಜಿನಿಯರಿಂಗ್ ಓದುವವರಿಗೆ ಇನ್ಫೊಸಿಸ್ ಪ್ರತಿಷ್ಠಾನದ ವಿದ್ಯಾರ್ಥಿವೇತನ ವರ್ಷಕ್ಕೆ 1 ಲಕ್ಷದವರೆಗೂ ಇದೆ. ನಮ್ಮ ಹುಡುಗಿಯರು ಅಲ್ಲಿಗೆ ತಲುಪುವುದಿಲ್ಲ ಅಷ್ಟೆ. ನನ್ನ ವಿದ್ಯಾರ್ಥಿನಿಯೊಬ್ಬಳ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ತಂದೆಯ ಇನಿಶಿಯಲ್ ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಅದನ್ನು ಸರಿಪಡಿಸಲು ಅವಳ ತಾಯಿ ನಾಲ್ಕು ದಿನದ ಕೂಲಿ ಬಿಟ್ಟು ಓಡಾಡಿದಳು. ಐದನೆಯ ದಿನ ಬಿಡಲಾಗಲಿಲ್ಲ, ಅರ್ಜಿಯ ಕೊನೆಯ ದಿನಾಂಕ ಮುಗಿಯಿತು. ನಾಡಕಚೇರಿ, ಬ್ಯಾಂಕು, ಕಾಲೇಜುಗಳಿಗೆ ಜೊತೆಯಲ್ಲಿ ಹೋಗಿ ಅರ್ಜಿ ತುಂಬಿಸುವ ಒಬ್ಬ ಪದವೀಧರೆಗೆ ನೀವು ಸಂಬಳ ಕೊಟ್ಟರೆ, ನಿಮ್ಮ ಹಣಕ್ಕಿಂತ ಹೆಚ್ಚು ಹಣ ಈ ಮಕ್ಕಳ ಖಾತೆಗೆ ಬಂದು ಬೀಳುತ್ತದೆ.

ಉತ್ತರ: ಸಂಜೀವಿನಿ (ಮಹಿಳಾ ಸ್ವಸಹಾಯ ಸಂಘಗಳ) ಒಕ್ಕೂಟದ ಲೆಕ್ಕಪುಸ್ತಕ ಬರಹಗಾರ್ತಿ, ಬೇಲೂರು ತಾಲ್ಲೂಕು

ಹೊಲಿಗೆ ಯಂತ್ರದ ಬಗ್ಗೆ ನಾನು ಹೇಳಲೇಬೇಕು. ನಮ್ಮ ಪಂಚಾಯಿತಿಯಲ್ಲಿ ಆರು ವರ್ಷದ ಹಿಂದೆ ಹದಿನೈದು ಯಂತ್ರ ಹಂಚಿದರು. ಇಂದು ನಾಲ್ಕು ಓಡುತ್ತಿವೆ. ಒಂದು ಮನೆಯಲ್ಲಿ ಅದರ ಮೇಲೆ ಟೀವಿ ಇಟ್ಟಿದ್ದಾರೆ. ಹೆಂಗಸರು ಸೋಮಾರಿಗಳೆಂದು ತಿಳಿಯಬೇಡಿ. ಜೂನ್‌ನಲ್ಲಿ ಶಾಲಾ ಸಮವಸ್ತ್ರ ಹೊಲಿದ ಮೇಲೆ ಕೆಲಸವೇ ಬರುವುದಿಲ್ಲ. ನಿಮ್ಮ ಬೀಜ ಆರಿಸುವವರಿಗೆ ಏಪ್ರನ್, ಟೋಪಿ ಬೇಕಲ್ಲವೇ? ಹರಿದ ಗೋಣಿಚೀಲ ಹೊಲಿಯುವವರು ಬೇಕಲ್ಲವೇ? ಆ ಕೆಲಸವನ್ನು ಒಂದು ಸಂಘಕ್ಕೆ ವರ್ಷದ ಕರಾರಿನ ಮೇಲೆ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಹಣವನ್ನು ಹೆಂಗಸರ ಸ್ವಂತ ಖಾತೆಗೇ ಹಾಕಿ. ಇದು ದಾನವಲ್ಲ, ವ್ಯಾಪಾರ. ಆದ್ದರಿಂದ ಸಿಎಸ್‌ಆರ್ ಲೆಕ್ಕಕ್ಕೆ ಬರಲಾರದು. ಆದರೂ ನಮಗೆ ಬೇಕಿರುವುದು ಇದೇ.

ಮರುನುಡಿ: ಕಚೇರಿ ವ್ಯವಸ್ಥಾಪಕಿ, ಹಾಸನ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಮುದ್ರಿಸಿ ಯಜಮಾನರ ಮುಂದಿಟ್ಟೆ. ಮಕ್ಕಳ ಕೋಣೆಗೆ ಲಾರಿ ತೂಗುವ ವೇಬ್ರಿಡ್ಜ್ ಪಕ್ಕದ ಹಳೆಯ ಕಚೇರಿಯನ್ನು ಬಿಟ್ಟುಕೊಡಲು ಅವರು ಒಪ್ಪಿದ್ದಾರೆ, ಆಯಾಳ ಸಂಬಳ ಕಂಪನಿಯದೇ. ಗೋಣಿಚೀಲದ ಕೆಲಸದ ಬಗ್ಗೆ ಬೇಲೂರಿನ ಅಕ್ಕನವರೊಡನೆ ಮಾತನಾಡುತ್ತೇನೆ. ಟೀಚರ್, ಅರ್ಜಿ ತುಂಬಿಸುವ ಹುಡುಗಿಯನ್ನು ಯಾವ ತಿಂಗಳಿಂದ ನೇಮಿಸಬೇಕು?

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯಿನಿ, ಸಕಲೇಶಪುರ

ಜನವರಿಯಿಂದಲೇ ನೇಮಿಸಿ, ಫಲಿತಾಂಶ ಬರುವವರೆಗೆ ಕಾಯಬೇಡಿ. ಪರೀಕ್ಷೆಗೆ ಮುಂಚೆಯೇ ಹೆಸರು, ಜನ್ಮದಿನಾಂಕ, ಬ್ಯಾಂಕ್ ಖಾತೆ, ಆದಾಯ ಪ್ರಮಾಣಪತ್ರಗಳನ್ನು ನೋಡಿ ಸರಿಪಡಿಸಿಡಬೇಕು. ಭಾನುವಾರ ಸಂತೆಗೆ ಬರುವ ತಾಯಂದಿರನ್ನು ಅಲ್ಲೇ ಕಾಣಲಿ. ಅವರ ಒಂದು ದಿನದ ಕೂಲಿ ಉಳಿಯುತ್ತದೆ. ಮೊದಲ ಕೆಲವು ವಾರ ನಾನೂ ಜೊತೆಗೆ ಬರುತ್ತೇನೆ.