ಹಾರ್ಡ್‌ಟೇಲ್‌ಗೆ ಮೊದಲು ಏನು ಹಾಕಿಸಲಿ? ಜಿಪಿಎಸ್ ಮೀಟರ್ ಬೇಕಾ, ಬೇಡ್ವಾ?

ರಜಾಸವಾರ:

ಎಲ್ಲರಿಗೂ ನಮಸ್ಕಾರ. ನನ್ನದು 29 ಇಂಚಿನ ಗಾಲಿಯ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಗುಡ್ಡಗಾಡಿನ ಸೈಕಲ್, ತೆಗೆದುಕೊಂಡು ಮೂರು ವರ್ಷ ಆಯಿತು. ರೇಸ್ ಗೀಸ್ ಏನೂ ಇಲ್ಲ. ರಜೆ ದಿನ ಬೆಳಿಗ್ಗೆ ಎದ್ದು 20-25 ಕಿ.ಮೀ. ಕಾಡುದಾರಿ, ಸ್ವಲ್ಪ ಕಲ್ಲು, ಸ್ವಲ್ಪ ಬೇರು, ಎರಡು ಕಡಿದಾದ ಇಳಿಜಾರು, ಅಷ್ಟೇ. ಮುಂದೆ 100 ಮಿ.ಮೀ. ಕುಗ್ಗುವ ಕಾಯಿಲ್ ಸ್ಪ್ರಿಂಗ್ ಫೋರ್ಕ್ (ಗಾಲಿ ಹಿಡಿಯುವ ಕವೆ), ಎರಡೂ ಕಡೆ 160 ಮಿ.ಮೀ. ಹೈಡ್ರಾಲಿಕ್ ಡಿಸ್ಕ್ ಬ್ರೇಕು, 2x9 ಗೇರು (ಮುಂದೆ 2, ಹಿಂದೆ 9 ಹಲ್ಲುಚಕ್ರ). ಟೈರು ಸೈಕಲ್ ಜೊತೆ ಬಂದದ್ದೇ, ಒಳಗೆ ಟ್ಯೂಬು, ಗಾಳಿ ಯಾವಾಗಲೂ 50 ಪಿಎಸ್‌ಐ.

ಈಗ ಕೈಯಲ್ಲಿ ಸ್ವಲ್ಪ ದುಡ್ಡು ಸೇರಿದೆ. ರಾತ್ರಿಯೆಲ್ಲಾ ವಿಡಿಯೊ ನೋಡಿ ತಲೆ ಕೆಟ್ಟುಹೋಗಿದೆ. ಒಬ್ಬರು ಸ್ಪ್ರಿಂಗಿನ ಬದಲು ಗಾಳಿ ತುಂಬುವ ಏರ್ ಫೋರ್ಕ್ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಮುಂದಿನ ಹಲ್ಲುಚಕ್ರ ಒಂದೇ ಸಾಕು, 1x12 ಮಾಡಿಸಿ ಎನ್ನುತ್ತಾರೆ, ಮತ್ತೊಬ್ಬರಿಗೆ ಕಾರ್ಬನ್ ಹ್ಯಾಂಡಲ್ ಇಲ್ಲದೆ ಜೀವನವೇ ಇಲ್ಲ. ನನಗೆ ಆಗುವ ತೊಂದರೆ ಇಷ್ಟೇ: ಬೇರಿನ ಮೇಲೆ ಮುಂದಿನ ಗಾಲಿ ಜಾರುತ್ತದೆ, ಕಲ್ಲಿನಲ್ಲಿ ಕೈ ನೋಯುತ್ತದೆ, ತಿಂಗಳಿಗೊಮ್ಮೆ ಪಂಚರ್.

ಎರಡನೆಯದು ಜಿಪಿಎಸ್. ಹೋದ ತಿಂಗಳು ಒಂದು ಕವಲಿನಲ್ಲಿ ದಾರಿ ತಪ್ಪಿದೆ. ಫೋನು ಹ್ಯಾಂಡಲ್ ಮೇಲೆ, ಪರದೆ ಪೂರ್ತಿ ಬೆಳಕಿನಲ್ಲಿ, ನೋಡಿದರೆ ಬ್ಯಾಟರಿ 4%. ಐದು ನಿಮಿಷದಲ್ಲಿ ಸತ್ತಿತು. ಪುಣ್ಯಕ್ಕೆ ಮಣ್ಣು ಹಸಿ ಇತ್ತು, ನನ್ನದೇ ಟೈರಿನ ಗುರುತು ಹಿಡಿದು ವಾಪಸ್ ಬಂದೆ. ಜೊತೆಗೆ ಇನ್ನೊಂದು: ಗೆಳೆಯನ ಜೊತೆ ಒಂದೇ ದಾರಿಯಲ್ಲಿ ಹೋಗಿ ಬಂದರೂ ನನ್ನ ಫೋನು 21.3 ಕಿ.ಮೀ. ತೋರಿಸುತ್ತದೆ, ಅವನ ಜಿಪಿಎಸ್ ಮೀಟರು 22.8. ಯಾವುದು ಸರಿ?

ಕೆಸರುಗಾಲಿ:

50 ಪಿಎಸ್‌ಐ! ಅಲ್ಲೇ ಇದೆ ನಿಮ್ಮ ಅರ್ಧ ಸಮಸ್ಯೆ. ಟೈರಿನ ಬದಿಯಲ್ಲಿ ಬರೆದಿರುವ ಅಂಕಿ ಅದು ತಡೆಯುವ ಗರಿಷ್ಠ ಒತ್ತಡ, ನೀವು ತುಂಬಿಸಬೇಕಾದದ್ದಲ್ಲ. ಅಷ್ಟು ಗಾಳಿ ತುಂಬಿದರೆ ಟೈರು ಬೇರನ್ನು ಅಪ್ಪಿಕೊಳ್ಳುವುದಿಲ್ಲ, ಪುಟಿದು ಜಾರುತ್ತದೆ. ದುಡ್ಡು ಖರ್ಚು ಮಾಡುವ ಮುಂಚೆ ಒಂದು ಕೆಲಸ ಮಾಡಿ. ನಾಳೆ ಹಿಂದೆ 30, ಮುಂದೆ 28ಕ್ಕೆ ಇಳಿಸಿ ಅದೇ ದಾರಿಯಲ್ಲಿ ಹೋಗಿ ಬನ್ನಿ. ನಿಮ್ಮ ತೂಕ 70 ಕೆ.ಜಿ. ಆಸುಪಾಸು ಇದ್ದರೆ ಟ್ಯೂಬ್ ಇರುವಾಗ ಅದು ಹೊಂದುತ್ತದೆ. ತೂಕ ಜಾಸ್ತಿ ಇದ್ದರೆ ಎರಡು ಮೂರು ಪಿಎಸ್‌ಐ ಸೇರಿಸಿ.

ಅದಕ್ಕಿಂತ ಇಳಿಸಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ಮಧ್ಯೆ ಸಿಕ್ಕಿ ಪಂಚರ್ ಆಗುತ್ತದೆ. ಬಿಚ್ಚಿ ನೋಡಿದರೆ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು. ಅದಕ್ಕೇ ಟ್ಯೂಬ್‌ಲೆಸ್ ಮಾಡಿಸಿಕೊಳ್ಳುವುದು. ಟ್ಯೂಬೇ ಇಲ್ಲದಿದ್ದರೆ ಕಚ್ಚುವುದಕ್ಕೆ ಏನೂ ಇಲ್ಲ, ಮುಂದೆ 20-22, ಹಿಂದೆ 23-25ರ ತನಕ ಇಳಿಸಬಹುದು, ಮುಳ್ಳು ಚುಚ್ಚಿದರೆ ಒಳಗೆ ಹಾಕಿದ ಸೀಲೆಂಟ್ ದ್ರವ ಮುಚ್ಚಿಬಿಡುತ್ತದೆ. ಮೊದಲ ಸಲ ನನ್ನ ಟೈರಿನಿಂದ ಮುಳ್ಳು ಕಿತ್ತಾಗ ಬಿಳಿ ಹಾಲಿನಂಥದ್ದು ಚಿಮ್ಮಿ ಕಾಲಿಗೆಲ್ಲಾ ಬಡಿಯಿತು, ಗಾಲಿಯನ್ನು ಎರಡು ಸುತ್ತು ತಿರುಗಿಸುವಷ್ಟರಲ್ಲಿ ನಿಂತೇ ಹೋಯಿತು. ಅವತ್ತಿನಿಂದ ನಾನು ಟ್ಯೂಬ್ ಕಡೆ ತಿರುಗಿ ನೋಡಿಲ್ಲ. ಸುಳ್ಳು, ಒಂದು ಟ್ಯೂಬು ಬ್ಯಾಗಿನಲ್ಲಿ ಈಗಲೂ ಇರುತ್ತದೆ. ಟೈರು ಉದ್ದಕ್ಕೆ ಹರಿದರೆ ಸೀಲೆಂಟ್ ಏನೂ ಮಾಡುವುದಿಲ್ಲ.

ನನ್ನ ಮಾತು ಕೇಳುವುದಾದರೆ ಮೊದಲ ಖರ್ಚು ಒಳ್ಳೆಯ ಟೈರು. ಮುಂದೆ ಮೆತ್ತನೆ ರಬ್ಬರಿನ, ಬದಿಯಲ್ಲಿ ದಪ್ಪ ಗುಬಟುಗಳಿರುವ 2.35 ಇಂಚಿನದು. ಹಿಂದೆ ಸ್ವಲ್ಪ ಹಗುರವಾಗಿ ಉರುಳುವಂಥದ್ದು ಸಾಕು. ಮುಂದಿನ ಗಾಲಿ ಜಾರಿದರೆ ಬೀಳುತ್ತೀರಿ, ಹಿಂದಿನದು ಜಾರಿದರೆ ಒಂದು ಕಥೆ ಆಗುತ್ತದೆ ಅಷ್ಟೇ. ಆದರೆ ಫ್ರೇಮು, ಫೋರ್ಕುಗಳ ಮಧ್ಯೆ ಅಷ್ಟು ಅಗಲಕ್ಕೆ ಜಾಗ ಇದೆಯಾ ಎಂದು ಮೊದಲು ಅಳೆದು ನೋಡಿ.

ಹಳೇಬೋಲ್ಟ್:

ಟೈರಿನ ಮಾತು ಸರಿ. ನಾನು ಫೋರ್ಕಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಆ ಹೊಂಡದಲ್ಲಿ ನಾನೇ ಬಿದ್ದಿದ್ದೇನೆ.

ಯಾರೋ ಬಿಚ್ಚಿಟ್ಟಿದ್ದ ಒಂದು ಏರ್ ಫೋರ್ಕ್ ಸಿಕ್ಕಿತು. ಫಳಫಳ ಹೊಳೆಯುತ್ತಿತ್ತು. ತಂದು ನೋಡಿದರೆ ಫ್ರೇಮಿನೊಳಗೆ ತೂರುವ ಅದರ ಸ್ಟೀರರ್ ಕೊಳವೆ ಕೆಳಗಡೆ ಒಂದೂವರೆ ಇಂಚಿಗೆ ಅಗಲವಾಗುವ ಟೇಪರ್ಡ್, ನನ್ನ ಫ್ರೇಮಿನಲ್ಲಿ ಅದು ತೂರುವ ಹೆಡ್‌ಟ್ಯೂಬ್ ಮೇಲಿಂದ ಕೆಳಗಿನ ತನಕ ಒಂದೇ ಅಳತೆ, ಒಂದೂಕಾಲು ಇಂಚೂ ಇಲ್ಲದ ಸ್ಟೀರರ್‌ಗೆ ಮಾಡಿದ್ದು. ಹೋಗುವುದೇ ಇಲ್ಲ. ಆಮೇಲೆ ಕಣ್ಣಿಗೆ ಬಿದ್ದದ್ದು ಆಕ್ಸಲ್: ಫೋರ್ಕಿನದ್ದು 15x110 ಬೂಸ್ಟ್ ಥ್ರೂ ಆಕ್ಸಲ್ (ಗಾಲಿಯ ಮೂಲಕ ತೂರಿಸುವ ದಪ್ಪ ಅಚ್ಚು), ನನ್ನ ಗಾಲಿಯದ್ದು ಹಳೆ ಕ್ವಿಕ್ ರಿಲೀಸ್ (ಸನ್ನೆ ತಿರುಗಿಸಿ ಬಿಚ್ಚುವ ತೆಳು ಅಚ್ಚು). ಅಂದರೆ ಆ ಫೋರ್ಕ್ ಹಾಕಲು ಹೊಸ ಮುಂದಿನ ಗಾಲಿ ಬೇಕು, ಜೊತೆಗೆ ಹೊಸ ಫ್ರೇಮೂ ಬೇಕು! ಎರಡು ವರ್ಷ ಅದು ಅಟ್ಟದ ಮೇಲೇ ಇತ್ತು.

ಆದ್ದರಿಂದ ರಜಾಸವಾರರೇ, ಮೊದಲು ನಿಮ್ಮ ಸೈಕಲ್ಲಿನ ಮೂರು ಅಳತೆ ಬರೆದಿಟ್ಟುಕೊಳ್ಳಿ. ಹೆಡ್‌ಟ್ಯೂಬ್ ನೇರನಾ ಟೇಪರ್ಡಾ, ಗಾಲಿಗಳ ಆಕ್ಸಲ್ ಯಾವುದು, ಸೀಟ್‌ಪೋಸ್ಟ್ ವ್ಯಾಸ ಎಷ್ಟು. ಕೊನೆಯದು ಸೀಟ್‌ಪೋಸ್ಟಿನ ಕೆಳಭಾಗದಲ್ಲಿ ಅಚ್ಚಾಗಿರುತ್ತದೆ: 27.2, 30.9, 31.6 ಹೀಗೆ. ಹೆಡ್‌ಟ್ಯೂಬ್ ನೇರ, ಎರಡೂ ಕಡೆ ಕ್ವಿಕ್ ರಿಲೀಸ್ ಎಂದಾದರೆ ಫೋರ್ಕಿಗೆ ದೊಡ್ಡ ದುಡ್ಡು ಹಾಕಬೇಡಿ. ಈಗಿನ ಒಳ್ಳೆಯ ಫೋರ್ಕುಗಳು ಹೆಚ್ಚಿನವು ಆ ಅಳತೆಯಲ್ಲಿ ಬರುವುದೇ ಇಲ್ಲ. ಆ ದುಡ್ಡು ಮುಂದಿನ ಸೈಕಲ್ಲಿಗೆ ಇರಲಿ.

ಗೇರಿನದ್ದೂ ಇದೇ ಗೋಳು. 10 ಹಲ್ಲಿನ ಪುಟ್ಟ ಚಕ್ರ ಇರುವ 12 ಸ್ಪೀಡ್ ಕ್ಯಾಸೆಟ್ಟಿಗೆ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಬೇರೆ ಥರದ ಫ್ರೀಹಬ್, ಅಂದರೆ ಅದು ಕೂರುವ ಹಬ್ಬಿನ ಭಾಗ, ಬೇಕು. ಗೇರು ಮಾಡುವ ಶಿಮಾನೋದಲ್ಲಿ ಅದಕ್ಕೆ ಮೈಕ್ರೋ ಸ್ಪ್ಲೈನ್ ಎನ್ನುತ್ತಾರೆ. ನಿಮ್ಮ 9 ಸ್ಪೀಡ್ ಹಬ್ಬಿನಲ್ಲಿರುವುದು ಬಹುತೇಕ ಹಳೆ ಮಾದರಿಯ ಫ್ರೀಹಬ್, ಎಚ್‌ಜಿ. ಅದರ ಮೇಲೆ ಕೂರುವ ಅಗಲ ಕ್ಯಾಸೆಟ್ಟುಗಳೂ ಇವೆ, ಶಿಮಾನೋದ ಡಿಯೋರ್‌ನಲ್ಲಿ 10 ಸ್ಪೀಡಿನ 11-46 ಹಲ್ಲಿನದು, 11 ಸ್ಪೀಡಿನ 11-51. ಆದರೆ ಶಿಫ್ಟರು, ಡಿರೇಲರು (ಚೈನನ್ನು ಚಕ್ರದಿಂದ ಚಕ್ರಕ್ಕೆ ಸರಿಸುವ ಭಾಗ), ಚೈನು, ಮುಂದಿನ ಚಕ್ರ ಎಲ್ಲಾ ಒಟ್ಟಿಗೆ ಬದಲಾಗಬೇಕು. ಈಗಿರುವುದು ಸವೆಯಲಿ, ಆಮೇಲೆ ನೋಡಿ. 9 ಸ್ಪೀಡ್ ಚೈನು ಸವೆತ ಅಳೆಯುವ ಗೇಜಿನಲ್ಲಿ 0.75 ತೋರಿಸಿದಾಗ ಬದಲಾಯಿಸಿದರೆ ಕ್ಯಾಸೆಟ್ಟು ಬಹಳ ದಿನ ಬರುತ್ತದೆ.

ಇಳಿಜಾರುಪ್ರೇಮಿ:

ನೀವೆಲ್ಲಾ ಡ್ರಾಪರ್ ಪೋಸ್ಟ್ ಹೆಸರೇ ಎತ್ತಲಿಲ್ಲವಲ್ಲ! ಕಡಿದಾದ ಇಳಿಜಾರಿನಲ್ಲಿ ಸೀಟು ಎದೆಗೆ ಒತ್ತುವ ಹಾಗೆ ಇದ್ದರೆ ಸೈಕಲ್ ಮೇಲೆ ಅಲ್ಲಾಡಲು ಜಾಗವೇ ಇರುವುದಿಲ್ಲ. ಗುಂಡಿ ಒತ್ತಿದರೆ ಸೀಟು ಕೆಳಗೆ, ಇನ್ನೊಮ್ಮೆ ಒತ್ತಿದರೆ ಮೇಲೆ. ನನಗೆ ಟೈರಿಗಿಂತ ಜಾಸ್ತಿ ಧೈರ್ಯ ಕೊಟ್ಟದ್ದು ಅದೇ.

ಹಳೇಬೋಲ್ಟ್:

ನನಗೂ ಇಷ್ಟ, ಆದರೆ ಅವರು ಕೇಳಿದ್ದು ಎರಡೇ ಇಳಿಜಾರಿನ ಬಗ್ಗೆ. ಬಿಟ್ಟಿಯಾಗಿ ಪರೀಕ್ಷೆ ಮಾಡಬಹುದು. ಸೀಟ್‌ಪೋಸ್ಟಿಗೆ ಸರಿಯಾದ ಎತ್ತರದಲ್ಲಿ ಒಂದು ಸುತ್ತು ಟೇಪ್ ಅಂಟಿಸಿ. ಇಳಿಜಾರಿನ ತುದಿಯಲ್ಲಿ ನಿಂತು ಕ್ಲ್ಯಾಂಪ್ ಸಡಿಲಿಸಿ ಸೀಟು ಒಂದು ಗೇಣು ಇಳಿಸಿ, ಕೆಳಗೆ ಹೋದ ಮೇಲೆ ಟೇಪಿನ ಗುರುತಿಗೆ ಏರಿಸಿ. ಒಂದು ತಿಂಗಳು ಹೀಗೆ ಮಾಡಿ. ಪ್ರತಿ ಸಲ ಇಳಿದು ನಿಲ್ಲುವುದಕ್ಕೆ ಬೇಜಾರಾಗಿ ಬೈದುಕೊಂಡರೆ ಡ್ರಾಪರ್ ತೆಗೆದುಕೊಳ್ಳಿ. ಬೈಯದಿದ್ದರೆ ಬೇಡ.

ಬ್ರೇಕು ಮಾತ್ರ ಮರೆಯಬೇಡಿ. ಮುಂದಿನ ಡಿಸ್ಕ್ 160ರಿಂದ 180ಕ್ಕೆ ಹೋದರೆ ಅದೇ ಬೆರಳಿನ ಒತ್ತಡಕ್ಕೆ ಶೇ 12ರಷ್ಟು ಜಾಸ್ತಿ ಹಿಡಿತ. ಒಂದು ಅಡಾಪ್ಟರ್, ಒಂದು ಡಿಸ್ಕ್, ಕೆಲಸ ಮುಗಿಯಿತು. ಫೋರ್ಕ್ 180ಕ್ಕೆ ಒಪ್ಪುತ್ತದಾ ಎಂದು ನೋಡಿಕೊಳ್ಳಿ. ಮತ್ತೆ, ಮಿನರಲ್ ಆಯಿಲ್ ಬ್ರೇಕಿಗೆ ಯಾವತ್ತೂ ಡಾಟ್ ಎಂಬ ಬೇರೆ ಥರದ ಬ್ರೇಕ್ ದ್ರವ ಹಾಕಬೇಡಿ, ಒಳಗಿನ ಸೀಲುಗಳು ಊದಿಕೊಂಡು ಹಾಳಾಗುತ್ತವೆ.

ನಕ್ಷೆಹುಳು:

ಜಿಪಿಎಸ್ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹಾಕುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

21.3, 22.8 ಎರಡೂ ಸರಿಯಲ್ಲ, ಆದರೆ ಗೆಳೆಯನದ್ದು ಹತ್ತಿರ ಇರಬಹುದು. ಜಿಪಿಎಸ್ ನೀವು ಹೋದ ದಾರಿಯನ್ನು ನೋಡುವುದಿಲ್ಲ, ಚುಕ್ಕಿಗಳನ್ನು ಮಾತ್ರ ಇಡುತ್ತದೆ, ಆಮೇಲೆ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ನೇರ ಗೆರೆ ಎಳೆದು ಉದ್ದ ಕೂಡಿಸುತ್ತದೆ. ರಸ್ತೆಯಲ್ಲಿ ಇದರಿಂದ ತೊಂದರೆ ಇಲ್ಲ. ಕಾಡಿನ ಹಾವುದಾರಿಯಲ್ಲಿ ಚುಕ್ಕಿಗಳ ಮಧ್ಯೆ ನೀವು ಒಂದು ಪೂರ್ತಿ ತಿರುವು ಮುಗಿಸಿರುತ್ತೀರಿ, ಗೆರೆ ಮಾತ್ರ ಮೂಲೆ ಕತ್ತರಿಸಿಕೊಂಡು ಹೋಗಿರುತ್ತದೆ. ಹಾಗಾಗಿ ದೂರ ಕಮ್ಮಿ ಬರುತ್ತದೆ. ಮೀಟರಿನ ಸೆಟ್ಟಿಂಗಿನಲ್ಲಿ ಸ್ಮಾರ್ಟ್ ರೆಕಾರ್ಡಿಂಗ್ (ಆಗೀಗ ಮಾತ್ರ ಚುಕ್ಕಿ ಇಡುವುದು) ಇದ್ದರೆ ಅದನ್ನು ತೆಗೆದು ಪ್ರತಿ ಸೆಕೆಂಡಿಗೆ ಒಂದು ಚುಕ್ಕಿ ಎಂದು ಮಾಡಿ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಮೂರು ಮೀಟರಿಗಿಂತ ಕಮ್ಮಿ ಚಲಿಸುತ್ತೀರಿ, ಆಗ ತಿರುವುಗಳು ಉಳಿಯುತ್ತವೆ. ದಟ್ಟ ಮರದ ಕೆಳಗೆ, ಬಂಡೆಗಳ ಮಧ್ಯೆ ಸಿಗ್ನಲ್ ಅತ್ತಿತ್ತ ಬಡಿದು ಬರುವುದರಿಂದ ಚುಕ್ಕಿಗಳೇ ಅಡ್ಡಾದಿಡ್ಡಿ ಬೀಳುತ್ತವೆ, ಆಗ ದೂರ ಜಾಸ್ತಿಯೂ ಆಗಬಹುದು. ಎರಡು ತರಂಗಾಂತರ ಹಿಡಿಯುವ ಮಲ್ಟಿಬ್ಯಾಂಡ್ ಮೀಟರುಗಳು ಇಲ್ಲಿ ನಿಜವಾಗಿ ವಾಸಿ, ಆದರೆ ಬ್ಯಾಟರಿ ಬೇಗ ತಿನ್ನುತ್ತವೆ. ಇಷ್ಟಕ್ಕೂ 2000ನೇ ಇಸವಿ ಮೇ ತನಕ ಅಮೆರಿಕ ಸರ್ಕಾರ ಜನಸಾಮಾನ್ಯರ ಸಿಗ್ನಲ್ಲಿಗೆ ಬೇಕೆಂದೇ ತಪ್ಪು ಬೆರೆಸುತ್ತಿತ್ತು, ಸುಮಾರು ನೂರು ಮೀಟರ್ ಆಚೀಚೆ. ಈಗ ನಾವು ಮೂಲೆ ಕತ್ತರಿಸಿತು ಎಂದು ಜಗಳ ಆಡುತ್ತೇವೆ.

ದೂರ ಸರಿಯಾಗಿ ಬೇಕೇ ಬೇಕು ಎಂದರೆ ಹಬ್ಬಿಗೆ ಸುತ್ತುವ ಒಂದು ಸ್ಪೀಡ್ ಸೆನ್ಸರ್ ಸಾಕು. 29 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಹೋಗುತ್ತದೆ, ಅದು ಸುತ್ತು ಎಣಿಸುತ್ತದೆ, ಮರ ಗಿರ ಏನೂ ಅಡ್ಡ ಬರುವುದಿಲ್ಲ. ಏರಿದ ಎತ್ತರದ ಲೆಕ್ಕಕ್ಕೆ ಮಾತ್ರ ಇಬ್ಬರ ಅಂಕಿ ಯಾವತ್ತೂ ಕೂಡುವುದಿಲ್ಲ, ಆಸೆ ಬಿಡಿ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರಿನ ತೂತಿಗೆ ಕೆಸರು ಕೂತರೂ ಲೆಕ್ಕ ಕೆಡುತ್ತದೆ.

ಈಗ ಕೊಳ್ಳಬೇಕಾ ಎಂಬ ಪ್ರಶ್ನೆ. ದಾಖಲೆ ಮಾತ್ರ ಬೇಕಿದ್ದರೆ ಬೇಡ. ಫೋನನ್ನು ಬ್ಯಾಗಿನಲ್ಲಿಟ್ಟು, ಪರದೆ ಆರಿಸಿ, ನಕ್ಷೆ ಮೊದಲೇ ಇಳಿಸಿಕೊಂಡು, ಏರೋಪ್ಲೇನ್ ಮೋಡಿಗೆ ಹಾಕಿ ರೆಕಾರ್ಡ್ ಮಾಡಿದರೆ ಇಡೀ ಬೆಳಿಗ್ಗೆ ಆರಾಮಾಗಿ ಬರುತ್ತದೆ. ನಿಮ್ಮ ಬ್ಯಾಟರಿ ತಿಂದದ್ದು ಬಹುಪಾಲು ಪರದೆ. ಹ್ಯಾಂಡಲ್ ಮೇಲಂತೂ ಇಡಬೇಡಿ. ಮೋಟಾರ್‌ಸೈಕಲ್ಲಿನ ಜೋರು ಕಂಪನದಿಂದ ಐಫೋನಿನ ಕ್ಯಾಮೆರಾ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಸೈಕಲ್ಲಿಗೆ ಎಂಜಿನ್ ಇಲ್ಲ ನಿಜ, ಆದರೆ ಬಿದ್ದಾಗ ಮೊದಲು ನೆಲ ಮುಟ್ಟುವುದು ಹ್ಯಾಂಡಲ್ಲೇ ಅಲ್ವಾ?

ಕವಲಿನಲ್ಲಿ ದಾರಿ ನೋಡಬೇಕು, ಅದೂ ಆಗಾಗ, ಎಂದಾದರೆ ಮೀಟರ್ ತೆಗೆದುಕೊಳ್ಳಿ. ಸಣ್ಣದು ಸಾಕು. ಕಮ್ಮಿ ಬೆಲೆಯವುಗಳಲ್ಲಿ ಖಾಲಿ ಪರದೆಯ ಮೇಲೆ ಒಂದು ಗೆರೆ ಮಾತ್ರ ಕಾಣುತ್ತದೆ, ನಕ್ಷೆ ಇಲ್ಲ. ವಾಪಸ್ ಬರಲು ಆ ಗೆರೆ ಸಾಕು, ಆದರೆ ಹೊಸ ಕವಲು ಎಲ್ಲಿಗೆ ಹೋಗುತ್ತದೆ ಎಂದು ಹೇಳುವುದಿಲ್ಲ. ನೀವು ಕಳೆದುಹೋದದ್ದು ಕವಲಿನಲ್ಲಿ. ಹಾಗಾಗಿ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಒಳಗೇ ಇರುವಂಥದ್ದು ನೋಡಿ. ಗಾರ್ಮಿನ್ ಎಡ್ಜ್ 530ರಲ್ಲಿ ಗ್ರಿಟ್ (ದಾರಿ ಎಷ್ಟು ಕಠಿಣ), ಫ್ಲೋ (ಎಷ್ಟು ಸರಾಗವಾಗಿ ಸಾಗಿದಿರಿ), ಎಷ್ಟು ಸಲ ಹಾರಿದಿರಿ ಎಂಬ ಲೆಕ್ಕವೆಲ್ಲಾ ಬರುತ್ತದೆ. ಒಂದು ವಾರ ಖುಷಿಯಾಗಿ ನೋಡುತ್ತೀರಿ, ಆಮೇಲೆ ಆ ಪುಟ ತೆರೆಯುವುದೇ ಇಲ್ಲ. ಅದಕ್ಕೋಸ್ಕರ ಕೊಳ್ಳಬೇಡಿ. ಗುಂಡಿ ಇರುವುದನ್ನು ಕೊಳ್ಳಿ, ಕೆಸರಿನ ಕೈಗವಸಿಗೆ ಟಚ್‌ಸ್ಕ್ರೀನ್ ಮಾತು ಕೇಳುವುದಿಲ್ಲ. ಹ್ಯಾಂಡಲ್ಲಿನ ಮುಂದೆ ಚಾಚುವ ಮೌಂಟ್ ಬೇಡ, ಹ್ಯಾಂಡಲನ್ನು ಹಿಡಿಯುವ ಸ್ಟೆಮ್ಮಿನ ಮೇಲೆ ಕೂರಿಸಿ, ಜೊತೆಗೆ ದಾರ ಕಟ್ಟಿ. ನನ್ನದು ಒಂದು ಸಲ ಕಲ್ಲಿನ ಮೇಲೆ ಹಾರಿ ಪೊದೆಗೆ ಬಿದ್ದಿತ್ತು. ಕಪ್ಪು ಮೀಟರು, ಕಪ್ಪು ಮಣ್ಣು. ಮುಕ್ಕಾಲು ಗಂಟೆ ಹುಡುಕಿದೆ.

ರಜಾಸವಾರ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ 30/28ಕ್ಕೆ ಇಳಿಸಿ ಹೋಗಿ ಬಂದೆ. ಅದೇ ಬೇರು, ಅದೇ ತಿರುವು, ಈ ಸಲ ಜಾರಲಿಲ್ಲ. ಕೈ ನೋವು ಅರ್ಧಕ್ಕಿಂತ ಕಮ್ಮಿ. ಮೂರು ವರ್ಷ ಸುಮ್ನೆ ಒದ್ದಾಡಿದೆನಲ್ಲಾ ಎಂದು ನಗು ಬಂತು.

ಅಳತೆಯನ್ನೂ ನೋಡಿದೆ. ಹೆಡ್‌ಟ್ಯೂಬ್ ನೇರ, ಎರಡೂ ಕಡೆ ಕ್ವಿಕ್ ರಿಲೀಸ್, ಸೀಟ್‌ಪೋಸ್ಟ್ 27.2. ಫೋರ್ಕಿನ ಆಸೆ ಬಿಟ್ಟೆ. ಡಿಸ್ಕಿನ ಮೇಲೆ ರೆಸಿನ್ ಪ್ಯಾಡ್ (ಡಿಸ್ಕನ್ನು ಒತ್ತಿ ಹಿಡಿಯುವ ಮೆತ್ತನೆ ಬ್ರೇಕ್ ಪ್ಯಾಡ್) ಮಾತ್ರ ಎಂದು ಬರೆದಿದೆ, ಹಾಗಾದರೆ ಮೆಟಲ್ ಪ್ಯಾಡ್ ಹಾಕುವ ಹಾಗಿಲ್ಲ ಅಲ್ವಾ? ಸದ್ಯಕ್ಕೆ ಟೈರು, ಟ್ಯೂಬ್‌ಲೆಸ್, ಮುಂದೆ 180 ಡಿಸ್ಕ್. ಸೀಟಿಗೆ ಟೇಪ್ ಅಂಟಿಸಿದ್ದೇನೆ, ಇನ್ನೂ ಬೈದುಕೊಂಡಿಲ್ಲ. ಮೀಟರು ಆಮೇಲೆ, ಅಲ್ಲಿಯ ತನಕ ಫೋನು ಬ್ಯಾಗಿನಲ್ಲಿ.

ಒಂದು ಅನುಮಾನ. ಟೈರು ಬಿಚ್ಚಿ ನೋಡಿದೆ, ರಿಮ್ ಒಳಗೆ ಟ್ಯೂಬ್‌ಲೆಸ್ ರೆಡಿ ಎಂದು ಅಚ್ಚಿದೆ, ಆದರೆ ಕಪ್ಪು ರಬ್ಬರ್ ಪಟ್ಟಿ ಹಾಕಿದ್ದಾರೆ. ಅದರ ಮೇಲೇ ಸೀಲೆಂಟ್ ಹಾಕಬಹುದಾ?

ಹಳೇಬೋಲ್ಟ್:

ಹೌದು, ಆ ಡಿಸ್ಕಿಗೆ ರೆಸಿನ್ನೇ. ಮೆಟಲ್ ಪ್ಯಾಡ್ ಅದನ್ನು ಬೇಗ ತಿಂದುಹಾಕುತ್ತದೆ. ಹೊಸ 180 ತೆಗೆದುಕೊಳ್ಳುವಾಗ ಎರಡಕ್ಕೂ ಆಗುವಂಥದ್ದು ಕೇಳಿ.

ಕೆಸರುಗಾಲಿ:

ರಬ್ಬರ್ ಪಟ್ಟಿ ಕಿತ್ತು ಎಸೆಯಿರಿ, ಅದರ ಮೂಲಕ ಗಾಳಿ ಸೋರುತ್ತದೆ. ರಿಮ್ಮನ್ನು ಸ್ಪಿರಿಟ್ ಹಾಕಿ ಒರೆಸಿ, ಒಳ ಅಗಲಕ್ಕಿಂತ 2ರಿಂದ 5 ಮಿ.ಮೀ. ಜಾಸ್ತಿ ಅಗಲದ ಟ್ಯೂಬ್‌ಲೆಸ್ ಟೇಪ್ ತಂದು ಬಿಗಿಯಾಗಿ ಎಳೆದು ಸುತ್ತಿ, ವಾಲ್ವಿನ ಜಾಗದ ಮೇಲೆ ಒಂದರ ಮೇಲೊಂದು ಬರಲಿ. ವಾಲ್ವಿನ ತೂತು ಬ್ಲೇಡಿನಿಂದ ಕೊಯ್ಯಬೇಡಿ, ಕಾಯಿಸಿದ ಸೂಜಿಯಿಂದ ಚುಚ್ಚಿ. ಕೊಯ್ದರೆ ಅಂಚಿನಿಂದ ಹರಿಯುತ್ತಾ ಹೋಗುತ್ತದೆ. ಪ್ರತಿ ಗಾಲಿಗೆ 100 ಮಿ.ಲೀ. ಸೀಲೆಂಟ್, ಮೂರು ನಾಲ್ಕು ತಿಂಗಳಿಗೊಮ್ಮೆ ಒಣಗಿದೆಯಾ ನೋಡಿ. ಗಾಳಿ ತುಂಬುವಾಗ ಟೈರು ರಿಮ್ಮಿಗೆ ಕೂರುವ ಹೊತ್ತಿಗೆ ಟಪ್ ಟಪ್ ಎಂದು ಜೋರಾಗಿ ಸದ್ದು ಬರುತ್ತದೆ, ಹೆದರಿ ಪಂಪ್ ಬಿಟ್ಟು ಓಡಬೇಡಿ. ನಾನು ಓಡಿದ್ದೆ.