ಕಾಂಪೌಂಡ್ ಗೋಡೆ ಚಿತ್ರ: ವೀಲ್‌ಚೇರ್ ಮಕ್ಕಳಿಗೆ ಯಾವ ಎತ್ತರ?

ಪ್ರಶ್ನೆ
ಶಾಲೆಯ ರಸ್ತೆ ಬದಿಯ ಗೋಡೆ, 20 ಅಡಿ ಉದ್ದ, 6 ಅಡಿ ಎತ್ತರ. ವಿಷಯ: ಆಟ ಎಲ್ಲರದು. ಬಣ್ಣ ಬಳಿಯುವ 12 ಮಕ್ಕಳಲ್ಲಿ ಇಬ್ಬರು ವೀಲ್‌ಚೇರ್ ಬಳಸುತ್ತಾರೆ. ಅವರಿಗೆ ಎಷ್ಟು ಎತ್ತರದವರೆಗೆ ಬಿಡಬೇಕು? ಗೋಡೆ ಮುಂದೆ ಸಡಿಲ ಮಣ್ಣಿದೆ. ಗೇಟಿನ ರಾಂಪ್‌ಗೂ ಚಿತ್ರ ಬರೆಸಬಹುದೇ?

ಉತ್ತರ 1
ಅಳತೆಯನ್ನು ಮಕ್ಕಳಿಂದಲೇ ತೆಗೆಯಿರಿ. ಕುರ್ಚಿಯನ್ನು ಗೋಡೆಗೆ ಪಕ್ಕವಾಗಿ ನಿಲ್ಲಿಸಿ, ಬ್ರೇಕ್ ಹಾಕಿ, ಸೀಮೆಸುಣ್ಣದಲ್ಲಿ ಕೈ ಎಟುಕುವಷ್ಟು ಕಮಾನು ಎಳೆಯಲು ಹೇಳಿ. ಎದುರಾಗಿ ನಿಲ್ಲಿಸಿದರೆ ಕಾಲು ಇಡುವ ಹಲಗೆ ಗೋಡೆಗೆ ತಾಗಿ, ಕೈ ಗೋಡೆ ಮುಟ್ಟುವುದೇ ಕಷ್ಟ. ಹಾಗೆ ಸಿಕ್ಕ ಪಟ್ಟಿಯಲ್ಲೇ ಚಿತ್ರದ ಮುಖ್ಯ ಭಾಗ, ಅಂದರೆ ಮುಖಗಳು, ಚೆಂಡು, ಬರಲಿ. ಮೂಲೆಯ ಹುಲ್ಲು ತುಂಬುವ ಕೆಲಸ ಮಾತ್ರ ಕೊಡಬೇಡಿ.

ಮುಂದೆ 5 ಅಡಿ ಅಗಲದ ಗಟ್ಟಿ ನೆಲ ಬೇಕು, ಇಲ್ಲದಿದ್ದರೆ ಕುರ್ಚಿ ತಿರುಗುವುದಿಲ್ಲ. ಮಣ್ಣು ದಮ್ಮಸ್ಸು ಮಾಡಿ 12 ಮಿ.ಮೀ. ಪ್ಲೈವುಡ್ ಹಾಸಿ, ಹತ್ತುವ ಅಂಚನ್ನು ಇಳಿಜಾರಾಗಿ ಕೆತ್ತಿಸಿ. ಆ ಸಣ್ಣ ಮೆಟ್ಟಿಗೂ ಮುಂದಿನ ಪುಟ್ಟ ಚಕ್ರ ಸಿಕ್ಕಿಕೊಂಡು ಮಗು ಮುಗ್ಗರಿಸುತ್ತದೆ. ಬಣ್ಣ ಬೀಳದಿರಲೆಂದು ಟಾರ್ಪಾಲ್ ಹಾಸಿದರೆ ಅದು ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ನಾಲ್ಕೂ ಬದಿ ಟೇಪ್ ಹಚ್ಚಲೇಬೇಕು.

ಉತ್ತರ 2
ಗೋಡೆಯ ಬಗ್ಗೆ ಹೇಳುತ್ತೇನೆ. ಕಾಂಪೌಂಡ್ ಮೊದಲು ಹಾಳಾಗುವುದು ಬುಡದಲ್ಲೇ: ನೆಲದ ತೇವ ಏರುತ್ತದೆ, ಮಳೆನೀರು ಸಿಡಿಯುತ್ತದೆ, ಉಪ್ಪು ಹೊರಬಂದು ಬಣ್ಣ ಸಿಪ್ಪೆ ಏಳುತ್ತದೆ. ಹಾಗಾಗಿ ತಗ್ಗಿನಲ್ಲಿ ಬರೆದ ಈ ಮಕ್ಕಳ ಕೆಲಸವೇ ಮೊದಲು ಉದುರುವ ಅಪಾಯ. ಕೆಳಗಿನ 1 ಅಡಿಗೆ ಚಿತ್ರ ಬೇಡ, ಒಂದೇ ಗಾಢ ಬಣ್ಣದ ಪಟ್ಟಿ ಬಿಡಿ. ವರ್ಷಕ್ಕೊಮ್ಮೆ ಅದನ್ನಷ್ಟೇ ಬಳಿದರೆ ಸಾಕು.

ಹಳೆ ಬಣ್ಣವನ್ನು ತಂತಿ ಬ್ರಷ್‌ನಿಂದ ಕೆರೆದು, ತೊಳೆದು, ಪೂರ್ತಿ ಒಣಗಿಸಿ. ಆಕ್ರಿಲಿಕ್ ಪುಟ್ಟಿ ಒಳಗೋಡೆಯದು, ಇಲ್ಲಿ ಹಚ್ಚಬೇಡಿ. 120 ಚದರಡಿಗೆ ಎಕ್ಸ್‌ಟೀರಿಯರ್ ಪ್ರೈಮರ್ ಒಂದೂವರೆ ಲೀಟರ್, ಹಿನ್ನೆಲೆಯ ಎರಡು ಕೋಟ್ ಎಮಲ್ಷನ್ ಸುಮಾರು ಎರಡೂವರೆ ಲೀಟರ್. ಗಾರೆ ಹೊಸದಾಗಿದ್ದರೆ 28 ದಿನ ಕಾಯಿರಿ.

ಪ್ರಶ್ನೆ ಕೇಳಿದವರು
ಒಬ್ಬಳಿಗೆ ಕೈಹಿಡಿತ ಸಡಿಲ. ಬ್ರಷ್ ಜಾರುತ್ತದೆ.

ಉತ್ತರ 1
ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಹಿಡಿಗೆ ಸುತ್ತಿ ದಪ್ಪ ಮಾಡಿ. 4 ಇಂಚಿನ ಸಣ್ಣ ರೋಲರ್ ಇನ್ನೂ ಸುಲಭ. ಹಗುರ ಕೋಲು ಸಿಕ್ಕಿಸಿದರೆ ಮೇಲಿನ ಆಕಾಶವೂ ಅವಳದೇ. ಬಣ್ಣದ ಡಬ್ಬಿ ತೊಡೆ ಮೇಲೆ ಬೇಡ, ಪಕ್ಕದ ಸ್ಟೂಲ್ ಮೇಲಿರಲಿ. ಚಕ್ರ ತಳ್ಳುವ ರಿಮ್‌ಗೆ ಬಣ್ಣ ತಾಗಿದರೆ ಕೈ ಜಾರುತ್ತದೆ, ಆಗಾಗ ಒದ್ದೆ ಬಟ್ಟೆಯಿಂದ ಒರೆಸಿ.

ಉತ್ತರ 3
ರಾಂಪ್‌ಗೆ ಆಯಿಲ್ ಎನಾಮಲ್ ಬಳಿಯಲೇಬೇಡಿ, ಮಳೆಯಲ್ಲಿ ಚಕ್ರವೂ ಜಾರುತ್ತದೆ, ತಳ್ಳುವವರ ಕಾಲೂ ಜಾರುತ್ತದೆ. ಎರಡು ಅಂಚಿಗೆ 4 ಇಂಚಿನ ಹಳದಿ ಪಟ್ಟಿ ಸಾಕು, ದೃಷ್ಟಿ ಮಂದವಿರುವವರಿಗೂ ಅಂಚು ಕಾಣುತ್ತದೆ. ಮೊದಲು ಇಳಿಜಾರು ಅಳೆಯಿರಿ: 6 ಇಂಚು ಏರಿಗೆ ಕನಿಷ್ಠ 6 ಅಡಿ ಉದ್ದ, ಅಂದರೆ 1:12. ಕಡಿದಾಗಿದ್ದರೆ ಬಣ್ಣದ ದುಡ್ಡನ್ನು ಸಿಮೆಂಟಿಗೆ ಹಾಕಿ.

ಚಿತ್ರದಲ್ಲಿ ಯಾರೋ ಹಿಂದಿನಿಂದ ತಳ್ಳುತ್ತಿರುವಂತೆ ಬರೆಯದೆ ಮಗು ತಾನೇ ಚಕ್ರ ತಿರುಗಿಸಲಿ. ವೀಲ್‌ಚೇರ್ ಸೌಲಭ್ಯವಿದೆ ಎಂದು ತೋರಿಸಲು ಡೆನ್ಮಾರ್ಕ್‌ನ ವಿನ್ಯಾಸ ವಿದ್ಯಾರ್ಥಿನಿ ಸುಸಾನ್ ಕೋಫೋಡ್ 1968ರಲ್ಲಿ ರೂಪಿಸಿದ ಮೂಲ ಗುರುತು ನೆಟ್ಟಗೆ ಕೂತದ್ದು. ಬಾಸ್ಟನ್‌ನಲ್ಲಿ ಹುಟ್ಟಿದ ಹೊಸ ಗುರುತಿನಲ್ಲಿ ದೇಹ ಮುಂದಕ್ಕೆ ಬಾಗಿ, ಕೈ ಹಿಂದಕ್ಕೆ ಹೋಗಿದೆ. ಗೋಡೆಗೆ ಆ ಬಾಗು ಚೆನ್ನ. ಶೌಚಾಲಯದ ಬಾಗಿಲಿಗೆ ಮಾತ್ರ ಎಲ್ಲರೂ ಗುರುತಿಸುವ ಹಳೆಯದೇ ಇರಲಿ.